ಹತ್ತುವ ಕಾಲು, ಇಳಿಯುವ ಕಾಲು: ಸ್ಕೀಯಿಂಗ್‌ಗೆ ಮೈಸೂರಿನಲ್ಲಿ ನಡೆದ ತಯಾರಿಯ ಒಂದು ಪ್ರಕರಣ

ನಾನು ಫಿಸಿಯೋಥೆರಪಿಸ್ಟ್. ಚಳಿಗಾಲ ಹತ್ತಿರ ಬಂದಾಗ ಸ್ಕೀಯಿಂಗ್, ಅಂದರೆ ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಕಲಿಯಲು ಕಾಶ್ಮೀರದ ಗುಲ್ಮಾರ್ಗಕ್ಕೋ ಉತ್ತರಾಖಂಡದ ಔಲಿಗೋ ಹೊರಟವರು ಆಗೊಬ್ಬರು ಈಗೊಬ್ಬರು ಬಂದು ಕೇಳುತ್ತಾರೆ. ಮೈಸೂರಿನವರಾದರೆ ಸಾಮಾನ್ಯವಾಗಿ ಒಂದೇ ಮಾತು: "ದಿನಾ ಬೆಟ್ಟ ಹತ್ತುತ್ತಾ ಇದ್ದೀನಿ, ಸಾಕಲ್ವಾ?" ಸಾಲದು. ಯಾಕೆ ಸಾಲದು ಎಂದು ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುವುದು ಒಳ್ಳೆಯದು ಅನ್ನಿಸಿತು. ಸಂಬಂಧಪಟ್ಟವರ ಒಪ್ಪಿಗೆ ಇದೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಅವರನ್ನು ಸುಮಾ ಎಂದು ಕರೆಯೋಣ. ವಯಸ್ಸು ನಲವತ್ತೈದರ ಆಸುಪಾಸು. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ ಬಿಟ್ಟು ಏಳುವುದು ಕಡಿಮೆ. ಇಂಜಿನಿಯರಿಂಗ್ ಓದುವ ಮಗಳು ಫೆಬ್ರವರಿಯಲ್ಲಿ ಗುಲ್ಮಾರ್ಗದ ಬೇಸಿಕ್ ಸ್ಕೀಯಿಂಗ್ ಕೋರ್ಸ್‌ಗೆ ತನ್ನ ಜೊತೆ ಅಮ್ಮನ ಹೆಸರನ್ನೂ ಸೇರಿಸಿ ದುಡ್ಡು ಕಟ್ಟಿಬಿಟ್ಟಿದ್ದಳು. "ಸುಮ್ನೆ ಕೂತು ನೋಡೋಕೆ ಅಷ್ಟು ದೂರ ಬರ್ಬೇಡ ಅಮ್ಮ, ಜೊತೆಗೆ ಕಲಿ" ಅಂದಳಂತೆ.

ದಸರಾ ಮುಗಿದ ವಾರ ಸುಮಾ ಅವರು ನನ್ನ ಬಳಿ ಬಂದರು. ಅಷ್ಟು ಹೊತ್ತಿಗಾಗಲೇ ಅವರದೇ ತಯಾರಿ ಶುರುವಾಗಿತ್ತು. ವಾರದಲ್ಲಿ ಮೂರ್ನಾಲ್ಕು ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದರು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಈ ಸಾವಿರ ಮೆಟ್ಟಿಲು ಮೈಸೂರಿನ ಎಷ್ಟೋ ಜನಕ್ಕೆ ಇವತ್ತಿಗೂ ದೇವರ ಸೇವೆಯೂ ಹೌದು, ವ್ಯಾಯಾಮವೂ ಹೌದು. ಮೇಲೆ ದರ್ಶನ ಮುಗಿಸಿ ಸಿಟಿ ಬಸ್ ಹತ್ತಿ ಮನೆಗೆ ಬರುತ್ತಿದ್ದರು. ಯಾಕೆ ಬಸ್ ಎಂದು ಕೇಳಿದೆ. "ಹತ್ತೋಕೆ ಏನೂ ಆಗಲ್ಲ ಸರ್. ಇಳಿಯುವಾಗ ಮಂಡಿ ಹಿಡ್ಕೊಳ್ಳುತ್ತೆ. ಅದಕ್ಕೆ ಇಳಿಯೋದನ್ನ ಬಿಟ್ಟುಬಿಟ್ಟೆ."

ಈ ಪ್ರಕರಣದ ಮುಖ್ಯ ಸುಳಿವು ಇದೇ ಆಯಿತು.

ಸಮಸ್ಯೆ ಎಲ್ಲಿತ್ತು

ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಗಿಡ್ಡವಾಗುತ್ತಾ ಮೈಯನ್ನು ಮೇಲಕ್ಕೆ ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ ಹೋಗುತ್ತದೆ, ಆದರೂ ಬಿಗಿ ಬಿಡದೆ ಮೈಭಾರವನ್ನು ತಡೆದು ತಡೆದು ಇಳಿಸಬೇಕು. ಘಾಟಿ ಇಳಿಯುವ ಲಾರಿಗೆ ಬ್ರೇಕ್ ಹೇಗೋ ಇಳಿಯುವ ಕಾಲಿಗೆ ತೊಡೆ ಹಾಗೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸ ಅದರಿಂದ ಆಗುವುದಿಲ್ಲ.

ಸ್ಕೀಯಿಂಗ್ ಬಹುಪಾಲು ಇಳಿಯುವ ಆಟ. ಹೊಸಬರಿಗೆ ಮೊದಲು ಕಲಿಸುವುದು ಸ್ನೋಪ್ಲೋ: ಎರಡೂ ಸ್ಕೀಗಳ ಮೂತಿ ಹತ್ತಿರ, ಹಿಂಬದಿ ಅಗಲ, ಮಂಡಿ ಸ್ವಲ್ಪ ಮಡಚಿ, ಸ್ಕೀಯ ಒಳಅಂಚಿನಿಂದ ಹಿಮವನ್ನು ಒತ್ತಿ ವೇಗ ಕಡಿಮೆ ಮಾಡುವುದು. ಇಳಿಜಾರು ಮುಗಿಯುವ ತನಕ ತೊಡೆಗೆ ಬಿಡುವಿಲ್ಲ. ಆ ಭಂಗಿಯಲ್ಲಿ ಸುಸ್ತಾದರೆ ಮಂಡಿ ಒಳಕ್ಕೆ ಕುಸಿಯುತ್ತದೆ. ಕಾಲಿಗೆ ಉದ್ದನೆಯ ಹಲಗೆ ಕಟ್ಟಿರುವಾಗ ಹಾಗೆ ಕುಸಿದು ತಿರುಚಿಕೊಂಡು ಬಿದ್ದರೆ ಮಂಡಿಯ ಒಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್‌ಗೆ ಏಟು ಬೀಳಬಹುದು. ಈ ಆಟದಲ್ಲಿ ಹೆಚ್ಚು ಪೆಟ್ಟಾಗುವ ಜಾಗಗಳಲ್ಲಿ ಮಂಡಿ ಮೊದಲ ಸಾಲಿನಲ್ಲಿದೆ.

ಸುಮಾ ಅವರನ್ನು ಆರು ಇಂಚು ಎತ್ತರದ ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ ಅಂದೆ. ಅರ್ಧ ದಾರಿ ಚೆನ್ನಾಗಿ ಇಳಿದರು. ಆಮೇಲೆ ನಿಂತ ಕಾಲಿನ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿತು, ಸೊಂಟ ಒಂದು ಕಡೆ ಜಾರಿತು, ಹಿಮ್ಮಡಿ ದಪ್ ಅಂತ ನೆಲಕ್ಕೆ ಬಿತ್ತು. ಬಲಗಾಲಿನಲ್ಲಿ ಹೀಗೆ ಜಾಸ್ತಿ, ಎಡಗಾಲಿನಲ್ಲಿ ಕಡಿಮೆ. ಮಂಡಿಚಿಪ್ಪಿನ ಸುತ್ತ ನೋವು ಬರುತ್ತಿದ್ದುದೂ ಅದೇ ಕೊನೆಯ ಎರಡು ಇಂಚಿನಲ್ಲಿ. ಊತ ಇರಲಿಲ್ಲ, ಲಿಗಮೆಂಟ್‌ಗಳು ಗಟ್ಟಿಯಾಗಿದ್ದವು. ಹತ್ತುವ ಶಕ್ತಿ ಸಾಕಷ್ಟಿತ್ತು, ತಡೆದು ಇಳಿಸುವ ಶಕ್ತಿ ಇರಲಿಲ್ಲ. ನೋವಾಗುತ್ತದೆ ಎಂದು ಯಾವುದನ್ನು ಬಿಟ್ಟಿದ್ದರೋ ಅದೇ ಅವರಿಗೆ ಬೇಕಾಗಿತ್ತು.

ಇನ್ನೊಂದು ವಿಷಯ ಅವರು ಹೋಗುವ ಹೊತ್ತಿಗೆ ಹೇಳಿದ್ದು. ವಾರಗಟ್ಟಲೆ ಹತ್ತಿದರೂ ಏದುಸಿರು ಕಡಿಮೆಯಾಗಿರಲಿಲ್ಲ. ಅಭ್ಯಾಸ ಸಾಲದು ಅಂತ ಅವರ ಲೆಕ್ಕ. ನನಗೆ ಹಾಗನ್ನಿಸಲಿಲ್ಲ. ತಿಂಗಳ ಸ್ರಾವ ಜಾಸ್ತಿ ಇದೆಯಾ ಎಂದು ಕೇಳಿ, ಹೌದು ಅಂದ ಮೇಲೆ ಅವರ ಮಾಮೂಲಿ ಡಾಕ್ಟರ ಬಳಿ ರಕ್ತಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ 10.4 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಡಾಕ್ಟರು ಕಾರಣ ಹುಡುಕಿ, ಕಬ್ಬಿಣಾಂಶದ ಮಾತ್ರೆ ಶುರು ಮಾಡಿದರು. ಅದು ತುಂಬಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಕ್ಟೋಬರಿನಲ್ಲೇ ಗೊತ್ತಾಗಿದ್ದರಿಂದ ಫೆಬ್ರವರಿಯೊಳಗೆ ಸರಿಹೋಗುವಷ್ಟು ಸಮಯ ಉಳಿದಿತ್ತು. ಜನವರಿಯಲ್ಲಿ ಗೊತ್ತಾಗಿದ್ದರೆ ಈ ಪ್ರಕರಣದ ಕತೆಯೇ ಬೇರೆ ಇರುತ್ತಿತ್ತು.

ಮಾಡಿದ್ದು

ಮೊದಲ ನಿರ್ಧಾರಕ್ಕೇ ತಕರಾರು ಬಂತು. ಬೆಟ್ಟವನ್ನು ವಾರಕ್ಕೆ ಒಂದೇ ದಿನಕ್ಕೆ ಇಳಿಸಿ, ಅದೂ ಮೆಟ್ಟಿಲ ದಾರಿಯ ನಡುವೆ ಸಿಗುವ ದೊಡ್ಡ ನಂದಿಯ ತನಕ ಸಾಕು ಅಂದೆ. "ಬೆಟ್ಟ ಬಿಟ್ರೆ ಇರೋ ದಮ್ಮೂ ಹೋಗಲ್ವಾ ಸರ್?" ಎಂದು ಕೇಳಿದರು. ದಮ್ಮಿಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬಿರುಸು ನಡಿಗೆ ಸಾಕಿತ್ತು, ರಕ್ತ ಸುಧಾರಿಸುವ ತನಕ ಅದಕ್ಕಿಂತ ಜಾಸ್ತಿ ಬೇಡವೂ ಆಗಿತ್ತು. ನಂದಿಯ ಹತ್ತಿರ ಡಾಂಬರು ರಸ್ತೆ ಇರುವುದರಿಂದ ಅಲ್ಲಿಂದ ಯಜಮಾನರು ಸ್ಕೂಟರಿನಲ್ಲಿ ಕರೆದುಕೊಂಡು ಬರುತ್ತಿದ್ದರು.

ನಿಜವಾದ ಕೆಲಸ ನಡೆದಿದ್ದು ಮನೆಯಲ್ಲಿ, ಊಟಕ್ಕೆ ಕೂರುವ ಮಣೆಯ ಮೇಲೆ. ಮರದ ಮಣೆ ಎರಡು ಮೂರು ಇಂಚು ಎತ್ತರ ಇರುತ್ತದೆ. ಅದನ್ನು ಗೋಡೆಗೆ ಆನಿಸಿಟ್ಟು, ಕನ್ನಡಿ ಮುಂದೆ ಒಂದು ಕಾಲಿನಲ್ಲಿ ನಿಂತು, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸಬೇಕು. ಸದ್ದು ಬರಬಾರದು. ನಿಂತ ಕಾಲಿನ ಮಂಡಿ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಸದ್ದು ಬಂದರೆ ಅದು ಲೆಕ್ಕಕ್ಕಿಲ್ಲ. ಅವರ ಮಗಳು ಅಡುಗೆಮನೆಯಿಂದಲೇ "ಸದ್ದು ಬಂತು ಅಮ್ಮ" ಎಂದು ಕೂಗುತ್ತಿದ್ದಳಂತೆ. ನನಗೆ ಈ ವಿಧಾನ ಇಷ್ಟ. ಯಂತ್ರ ಬೇಡ, ಜಿಮ್ ಬೇಡ, ಸರಿಯೋ ತಪ್ಪೋ ಕಿವಿಗೇ ಗೊತ್ತಾಗುತ್ತದೆ. ಒಂದು ಮಣೆ ಸಲೀಸಾದ ಮೇಲೆ ಬಾಗಿಲ ಮುಂದಿನ ಮೆಟ್ಟಿಲು, ಆಮೇಲೆ ಆರು ಇಂಚು.

ಜೊತೆಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ ನಿಲ್ಲುವುದು, ಮಂಡಿ ಮೇಲೆ ರಬ್ಬರ್ ಪಟ್ಟಿ ಹಾಕಿಕೊಂಡು ಅಡ್ಡಡ್ಡ ಹೆಜ್ಜೆ ಇಡುವುದು, ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲುವುದು. ಅಡ್ಡ ಹೆಜ್ಜೆ ಯಾಕೆಂದರೆ ಮಂಡಿ ಒಳಕ್ಕೆ ವಾಲದಂತೆ ಹಿಡಿಯುವುದು ಬಹಳಮಟ್ಟಿಗೆ ಸೊಂಟದ ಪಕ್ಕದ ಸ್ನಾಯು. ಊಟದಲ್ಲಿ ದೊಡ್ಡ ಬದಲಾವಣೆ ಏನಿಲ್ಲ, ಬೆಳಗಿನ ತಿಂಡಿಗೆ ಕಾಳಿನ ಉಸಲಿ ಸೇರಿತು, ರಾತ್ರಿ ಮೊಸರು ಹೆಚ್ಚಾಯಿತು.

ಈ ನಡುವೆ ಅವರ ಮನೆಯ ಹಿರಿಯರೊಬ್ಬರು, ವಯಸ್ಸಿನಲ್ಲಿ ಗರಡಿಯಲ್ಲಿ ಪಳಗಿದವರು, "ಇದೆಲ್ಲಾ ಯಾಕಮ್ಮ, ದಿನಾ ನೂರು ಬಸ್ಕಿ ಹೊಡಿ" ಅಂದರಂತೆ. ಮೈಸೂರಿನ ಗರಡಿಮನೆಗಳ ಅನುಭವವನ್ನು ನಾನು ಹಗುರವಾಗಿ ನೋಡುವವನಲ್ಲ. ಬಸ್ಕಿಯಿಂದ ತೊಡೆಗೆ ಬರುವ ತಾಳಿಕೆ ಸ್ಕೀಯಿಂಗ್‌ಗೂ ಬೇಕಾದದ್ದೇ. ಆದರೆ ಗರಡಿಯಲ್ಲಿ ಬಸ್ಕಿ ಹೊಡೆಯುವುದು ಹಿಮ್ಮಡಿ ಎತ್ತಿ, ಪೂರ್ತಿ ಕೂತು, ವೇಗವಾಗಿ. ನೋಯುತ್ತಿರುವ ಮಂಡಿಚಿಪ್ಪಿಗೆ ಅದು ಮೊದಲ ಪಾಠವಲ್ಲ. ಹಿಮ್ಮಡಿ ಊರಿ, ಕುರ್ಚಿಯ ಎತ್ತರಕ್ಕೆ ಮಾತ್ರ, ನಿಧಾನವಾಗಿ ಇಳಿದು ಏಳುವ ಬಸ್ಕಿಗೆ ಒಪ್ಪಿದೆ. ಸಂಖ್ಯೆಗೆ ಒಪ್ಪಲಿಲ್ಲ. ಆಕಾರ ಕೆಟ್ಟ ತಕ್ಷಣ ನಿಲ್ಲಿಸಬೇಕು, ಅದು ಹತ್ತಾದರೂ ಸರಿ ಇಪ್ಪತ್ತಾದರೂ ಸರಿ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಣೆಯ ಸದ್ದು ನಿಂತಿತು. ಕಚೇರಿಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವುದನ್ನು ಬಿಟ್ಟಿದ್ದರು.

ಧನುರ್ಮಾಸದ ಗಂಡಾಂತರ

ಡಿಸೆಂಬರಿನಲ್ಲಿ ಊರಿಂದ ನೆಂಟರು ಬಂದರು. ಧನುರ್ಮಾಸದ ಚಳಿಯಲ್ಲಿ ಎಲ್ಲರೂ ಸೇರಿ ಬೆಟ್ಟ ಹತ್ತಿದರು. ಮಂಡಿ ಚೆನ್ನಾಗಿದೆ ಅನ್ನುವ ಹುಮ್ಮಸ್ಸಿನಲ್ಲಿ ಸುಮಾ ಅವರು ಪೂರ್ತಿ ಸಾವಿರ ಮೆಟ್ಟಿಲನ್ನು ಕಾಲಲ್ಲೇ ಇಳಿದರು. ನಂದಿಯಿಂದ ಕೆಳಗಿನ ಭಾಗ ಕಡಿದು, ಒಂದು ಮೆಟ್ಟಿಲು ಗೇಣೆತ್ತರ ಇದ್ದರೆ ಇನ್ನೊಂದು ನಾಲ್ಕು ಬೆರಳು. ಅವತ್ತು ಏನೂ ಆಗಲಿಲ್ಲ. ಮರುದಿನ ತೊಡೆ ಕಲ್ಲಾಯಿತು. ಎರಡನೇ ದಿನ ನೆಲದ ಮೇಲೆ ಕೂರಲು, ಕೂತರೆ ಏಳಲು ಆಗಲಿಲ್ಲ. ಮಗಳು ಹೆದರಿ ನನಗೆ ಫೋನ್ ಮಾಡಿದಳು: "ಕೋರ್ಸ್ ಕ್ಯಾನ್ಸಲ್ ಮಾಡೋಕೆ ಈ ವಾರ ಕೊನೆ ಸರ್. ದುಡ್ಡು ವಾಪಸ್ ತಗೊಳ್ಳೋದಾ?"

ಇಡೀ ಪ್ರಕರಣದ ದೊಡ್ಡ ತಿರುವು ಇದು. ಹೆದರಿಕೆಯಿಂದ ಬಿಟ್ಟುಬಿಡುವುದು ಸುಲಭ, ಹುಂಬತನದಿಂದ ಮುಂದುವರಿಯುವುದೂ ಸುಲಭ. ಎರಡೂ ಮಾಡದೆ ಮಂಡಿಯನ್ನು ಪರೀಕ್ಷೆ ಮಾಡಿದೆವು. ನಾನು ನೋಡಿದ್ದು ಮೂರು: ಮಂಡಿ ಊದಿದೆಯಾ, ನಡೆಯುವಾಗ ಸಿಕ್ಕಿಹಾಕಿಕೊಳ್ಳುತ್ತದಾ ಅಥವಾ ಕೈಕೊಡುತ್ತದಾ, ನೋವು ಒಂದೇ ಮಂಡಿಯ ಕೀಲಿನ ಗೆರೆಯಲ್ಲಿದೆಯಾ. ಮೂರೂ ಇರಲಿಲ್ಲ. ನೋವು ಎರಡೂ ತೊಡೆಯ ನಡುಭಾಗದಲ್ಲಿತ್ತು, ಒತ್ತಿದರೆ ಹೆಚ್ಚಾಗುತ್ತಿತ್ತು. ಇಳಿಯುವ ಕೆಲಸ ರೂಢಿಯಿಲ್ಲದ ಸ್ನಾಯುವಿಗೆ ಬರುವ ನೋವು ಇದು. ಒಂದು ದಿನ ತಡವಾಗಿ ಶುರುವಾಗಿ, ಎರಡು ಮೂರನೇ ದಿನಕ್ಕೆ ತಾರಕಕ್ಕೇರಿ, ವಾರದೊಳಗೆ ತಾನಾಗಿ ಹೋಗುತ್ತದೆ. ಮೂರರಲ್ಲಿ ಒಂದು ಇದ್ದಿದ್ದರೂ ಮೂಳೆ ಡಾಕ್ಟರ ಬಳಿ ಕಳಿಸುತ್ತಿದ್ದೆ, ಕ್ಯಾನ್ಸಲ್ ಮಾಡಿ ಎಂದೇ ಹೇಳುತ್ತಿದ್ದೆ.

ಈ ನೋವಿಗೆ ಇನ್ನೊಂದು ಗುಣ ಇದೆ. ಒಮ್ಮೆ ಹೀಗೆ ನೊಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ಇದನ್ನು ನಾವೇ ಲೆಕ್ಕಾಚಾರದಿಂದ, ಚಿಕ್ಕ ಪ್ರಮಾಣದಲ್ಲಿ ಬಳಸಿಕೊಳ್ಳಬಹುದು. ಹಿಮದ ಮೇಲೆ ಮೊದಲ ವಾರದಲ್ಲಿ ಬರಬೇಕಾದ ನೋವನ್ನು ಮೈಸೂರಿನಲ್ಲೇ ಕಂತು ಕಂತಾಗಿ ತೀರಿಸಿಬಿಡುವುದು. ಕ್ಯಾನ್ಸಲ್ ಬೇಡ ಎಂದು ನಿರ್ಧಾರವಾಯಿತು. ಒಂದು ವಾರ ಬರೀ ನಡಿಗೆ.

ಬಸ್ಸಿನಲ್ಲಿ ಮೇಲಕ್ಕೆ, ಕಾಲಿನಲ್ಲಿ ಕೆಳಕ್ಕೆ

ಆಮೇಲೆ ಅವರ ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿದೆವು. ಸಿಟಿ ಬಸ್‌ನಲ್ಲಿ ಬೆಟ್ಟದ ಮೇಲಕ್ಕೆ ಹೋಗುವುದು, ಮೆಟ್ಟಿಲು ಇಳಿದು ಬರುವುದು. ಮೊದಲು ಮೇಲಿನಿಂದ ನಂದಿಯ ತನಕ ಮಾತ್ರ. ಅಲ್ಲಿಗೆ ಸುಮಾರು ಮುನ್ನೂರು ಮೆಟ್ಟಿಲು, ಇಳಿಜಾರೂ ಸೌಮ್ಯ. ವಾರಕ್ಕೆ ಒಂದು ಸಲ, ನಡುವೆ ಮಣೆ ಮತ್ತು ಬಸ್ಕಿ. ಸಂಕ್ರಾಂತಿ ಹೊತ್ತಿಗೆ ನಂದಿಯಿಂದ ಇನ್ನೂ ಕೆಳಗೆ, ಕೊನೆಗೆ ಪಾದದ ತನಕ.

ಬೆಟ್ಟದ ಮೆಟ್ಟಿಲು ಸಮ ಇಲ್ಲದಿರುವುದು ಇಲ್ಲಿ ಉಪಕಾರವೇ ಆಯಿತು. ಪ್ರತಿ ಹೆಜ್ಜೆಗೂ ಕಾಲು ಹೊಸದಾಗಿ ಲೆಕ್ಕ ಹಾಕಬೇಕು. ಹಿಮವೂ ಹಾಗೇ, ಒಂದು ಮಾರು ಗಟ್ಟಿ, ಮುಂದಿನ ಮಾರು ಮೆತ್ತಗೆ. ಆದರೆ ಒಂದು ಎಚ್ಚರಿಕೆ ಬೇಕಿತ್ತು. ಭಕ್ತರು ಪ್ರತಿ ಮೆಟ್ಟಿಲಿಗೂ ಹಚ್ಚಿದ ಅರಿಸಿನ ಕುಂಕುಮ ಬೆಳಗಿನ ಇಬ್ಬನಿಗೆ ನೆನೆದು ಜಾರುತ್ತದೆ. ಸುಮಾ ಅವರಿಗೆ ಬರಿಗಾಲಿನಲ್ಲಿ ಹತ್ತುವ ಹರಕೆ ಇತ್ತು. ಹರಕೆಯ ದಿನ ಬೇರೆ, ತಯಾರಿಯ ದಿನ ಬೇರೆ ಎಂದು ಮಾತಾಯಿತು. ತಯಾರಿಯ ದಿನ ಹಿಡಿತವಿರುವ ಶೂ, ಬಿಸಿಲು ಬಂದ ಮೇಲೆ, ಮೆಟ್ಟಿಲುಗಳ ಪಕ್ಕದ ಬದಿಯಲ್ಲಿ.

ಜನವರಿಯಲ್ಲಿ ಬಿದ್ದು ಏಳುವುದನ್ನೂ ಸೇರಿಸಿದೆವು. ಪಾರ್ಕಿನ ಹುಲ್ಲಿನ ಮೇಲೆ ಪಕ್ಕಕ್ಕೆ ಕೂತು, ಎರಡೂ ಕಾಲನ್ನು ಜೋಡಿಸಿಕೊಂಡು, ಒಂದು ಕೈ ಊರಿ ಮೇಲೇಳುವುದು. ಹೊಸಬರು ದಿನವಿಡೀ ಬೀಳುತ್ತಾರೆ, ಪ್ರತಿ ಸಲ ಏಳುವುದೇ ಒಂದು ಕಸರತ್ತು. ಮತ್ತೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 12 ದಾಟಿತ್ತು. ಹೊರಡುವುದಕ್ಕೆ ಹತ್ತು ದಿನ ಮೊದಲು ಕೊನೆಯ ಪೂರ್ತಿ ಇಳಿತ. ಅಲ್ಲಿಂದಾಚೆ ಲಘು ವ್ಯಾಯಾಮ ಅಷ್ಟೇ. ಕೊನೆಯ ವಾರ ಗಡಿಬಿಡಿಯಲ್ಲಿ ಬೆಟ್ಟ ಇಳಿದು, ತೊಡೆ ನೋವನ್ನು ಸೂಟ್‌ಕೇಸ್ ಜೊತೆ ಹೊತ್ತುಕೊಂಡು ಹೋಗುವುದು ಬೇಡ.

ಗುಲ್ಮಾರ್ಗದಲ್ಲಿ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ ಸುಮಾರು 2,650. ಎತ್ತರದ ತಲೆನೋವು, ವಾಕರಿಕೆ ಇವು ದೇಹ ಎಷ್ಟು ಗಟ್ಟಿ ಎಂದು ಕೇಳಿಕೊಂಡು ಬರುವುದಿಲ್ಲ. ಕ್ರೀಡಾಪಟುಗಳಿಗೂ ಬರುತ್ತದೆ. ಹಾಗಾಗಿ 1,600 ಮೀಟರ್ ಹತ್ತಿರ ಇರುವ ಶ್ರೀನಗರದಲ್ಲಿ ಎರಡು ರಾತ್ರಿ ಇದ್ದು ಹೋದರು. ಗುಲ್ಮಾರ್ಗದಲ್ಲಿ ಮೊದಲ ರಾತ್ರಿ ಸುಮಾ ಅವರಿಗೆ ಸ್ವಲ್ಪ ತಲೆನೋವು ಬಂತು, ಮಾರನೇ ದಿನ ಹೋಯಿತು.

ಸ್ಕೀ ಕೊಡುವಾಗ ತೂಕ, ಎತ್ತರ, ವಯಸ್ಸು, ಅನುಭವ ಕೇಳುತ್ತಾರೆ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕು ಎಂಬುದನ್ನು ಅದರ ಮೇಲೆ ಹೊಂದಿಸುತ್ತಾರೆ. ನಾಚಿಕೆಗೋ ಜಂಬಕ್ಕೋ ಸುಳ್ಳು ಹೇಳಿದರೆ ಬಿದ್ದಾಗ ಸ್ಕೀ ಕಳಚದೆ ಮಂಡಿ ತಿರುಚಿಕೊಳ್ಳಬಹುದು. ಹೊರಡುವ ಮುಂಚೆ ತೂಕ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗಿ ಎಂದಿದ್ದೆ. ಹಾಗೇ ಮಾಡಿದರು.

ಮೊದಲ ದಿನಗಳಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಕೇಬಲ್ ಕಾರ್, ಅಂದರೆ ಗೊಂಡೋಲಾ ಹತ್ತುವ ಮಾತೇ ಇಲ್ಲ. ಸಣ್ಣ ಇಳಿಜಾರಿನಲ್ಲಿ ಸ್ಕೀ ಹಾಕಿಕೊಂಡೇ ಅಡ್ಡಡ್ಡ ಹೆಜ್ಜೆ ಇಟ್ಟು ಮೇಲೆ ಹತ್ತುವುದು, ಜಾರಿ ಬರುವುದು, ಮತ್ತೆ ಹತ್ತುವುದು. ರಬ್ಬರ್ ಪಟ್ಟಿಯ ಅಡ್ಡ ಹೆಜ್ಜೆ ಇಲ್ಲಿ ನೇರವಾಗಿ ಕೆಲಸಕ್ಕೆ ಬಂತು ಎಂದು ಸುಮಾ ಅವರು ಫೋನಿನಲ್ಲಿ ಹೇಳಿದರು.

ನಾಲ್ಕನೇ ದಿನ ಮಧ್ಯಾಹ್ನ ಇನ್ನೊಂದು ನಿರ್ಧಾರದ ಗಳಿಗೆ. ಗುಂಪಿನವರು "ಕೊನೇದೊಂದು ರೌಂಡ್" ಅಂದರು. ಇದಕ್ಕೊಂದು ನಿಯಮವನ್ನು ಮೈಸೂರಿನಲ್ಲೇ ಮಾಡಿಕೊಂಡಿದ್ದೆವು. ಎಡಕ್ಕೂ ಬಲಕ್ಕೂ ತಿರುಗಿ, ಅಂದುಕೊಂಡ ಜಾಗದಲ್ಲಿ ನಿಲ್ಲಲು ಆಗದಿದ್ದರೆ ಅವತ್ತಿಗೆ ಮುಗಿಯಿತು, ಯಾರು ಕರೆದರೂ ಸರಿ. ಅದರ ಹಿಂದಿನ ರೌಂಡಿನಲ್ಲಿ ಅವರು ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲಲು ಹೋಗಿ ಎರಡು ಮಾರು ಮುಂದೆ ಹೋಗಿ ನಿಂತಿದ್ದರು. ಮಂಡಿ ಒಳಕ್ಕೆ ವಾಲಿದ್ದು ಅವರಿಗೇ ಗೊತ್ತಾಗಿತ್ತು. ಮಣೆಯ ಮೇಲೆ ತಿಂಗಳುಗಟ್ಟಲೆ ನೋಡಿದ್ದ ಅದೇ ವಾಲುವಿಕೆ. ಸ್ಕೀ ಬಿಚ್ಚಿ ಪಕ್ಕಕ್ಕೆ ಬಂದರು. ತರಬೇತುದಾರರು ಒಂದು ಮಾತೂ ಆಡಲಿಲ್ಲವಂತೆ.

ಆದದ್ದು

ಕೋರ್ಸ್ ಪೂರ್ತಿ ಮುಗಿಸಿದರು. ಸ್ನೋಪ್ಲೋ ತಿರುವುಗಳು ಚೆನ್ನಾಗಿ ಬಂದವು. ಸ್ಕೀಗಳನ್ನು ಸಮಾನಾಂತರ ಇಟ್ಟು ತಿರುಗುವುದು ಬರಲಿಲ್ಲ. ಮಂಡಿಚಿಪ್ಪಿನ ನೋವು ಒಂದು ದಿನವೂ ಮಲಗಿಸಲಿಲ್ಲ. ನೊಂದಿದ್ದು ಬೇರೆ ಕಡೆ: ಗಟ್ಟಿ ಬೂಟಿಗೆ ಒತ್ತಿ ಒತ್ತಿ ಮಂಡಿಯ ಕೆಳಗೆ ಕಾಲಿನ ಮುಂದಿನ ಮೂಳೆ, ಕೋಲು ಊರಿ ಊರಿ ಭುಜ. ಬೂಟಿನ ಅಭ್ಯಾಸಕ್ಕೆ ಮೈಸೂರಿನಲ್ಲಿ ದಾರಿ ಇಲ್ಲ, ಉದ್ದನೆಯ ತೆಳು ಕಾಲುಚೀಲ ಒಂದೇ ಜೊತೆ ಹಾಕಿ, ಬೂಟನ್ನು ಸರಿಯಾಗಿ ಆರಿಸಿಕೊಳ್ಳುವುದಷ್ಟೇ. ಭುಜಕ್ಕೆ ದಾರಿ ಇದೆ. ಆಮೇಲೆ ಬಂದವರಿಗೆ ಗೋಡೆಗೆ ಕೈ ಕೊಟ್ಟು ಮಾಡುವ ದಂಡವನ್ನೂ (ಪುಶ್‌ಅಪ್) ಸೇರಿಸುತ್ತಿದ್ದೇನೆ.

ಮಗಳ ವಿಷಯವನ್ನೂ ಹೇಳಬೇಕು. ಇಪ್ಪತ್ತರ ವಯಸ್ಸು, ಬ್ಯಾಡ್ಮಿಂಟನ್ ಆಡುವವಳು, ಯಾವ ತಯಾರಿಯನ್ನೂ ಮಾಡಲಿಲ್ಲ. ಮೂರನೇ ದಿನ ತೊಡೆ ಹಿಡಿದು ಅರ್ಧ ದಿನ ರೂಮಿನಲ್ಲಿ ಉಳಿದಳು. ಆದರೆ ಕೋರ್ಸ್ ಮುಗಿಯುವ ಹೊತ್ತಿಗೆ ಅಮ್ಮನಿಗಿಂತ ಎಷ್ಟೋ ಚೆನ್ನಾಗಿ ಜಾರುತ್ತಿದ್ದಳು. ತಯಾರಿಯಿಂದ ಆಟ ಬರುವುದಿಲ್ಲ. ಆಟ ಕಲಿಯಲು ಪ್ರತಿದಿನ ಹಿಮದ ಮೇಲೆ ನಿಲ್ಲುವ ಕಾಲು ಸಿಗುತ್ತದೆ. ನಲವತ್ತೈದರಲ್ಲಿ ಆ ಕಾಲು ತಾನಾಗಿ ಸಿಗುವುದಿಲ್ಲ.

ಬೇರೆಯವರಿಗೆ ಇದರಿಂದ ಸಿಗುವುದು

ಯಾವುದನ್ನು ನೋವಿನ ಕಾರಣಕ್ಕೆ ಬಿಟ್ಟಿದ್ದೀರಿ ಎಂದು ಮೊದಲು ನೋಡಿ. ಬೆಟ್ಟ ಹತ್ತಿ ಬಸ್ಸಿನಲ್ಲಿ ಇಳಿಯುವವರು, ಟ್ರೆಡ್‌ಮಿಲ್ಲಿನಲ್ಲಿ ಏರುದಾರಿ ಮಾತ್ರ ಹಾಕುವವರು, ಸೈಕಲ್ ಮಾತ್ರ ತುಳಿಯುವವರು ಎಲ್ಲರಿಗೂ ಇದೇ ಕೊರತೆ. ಅದನ್ನು ಮಣೆಯಿಂದ ಶುರು ಮಾಡಿ ತುಂಬಬಹುದು, ಆದರೆ ಆತುರದಲ್ಲಿ ಆಗುವುದಿಲ್ಲ.

ಅಭ್ಯಾಸ ಮಾಡಿಯೂ ಉಸಿರು ಸುಧಾರಿಸದಿದ್ದರೆ ಅಭ್ಯಾಸ ಹೆಚ್ಚಿಸುವ ಮುಂಚೆ ರಕ್ತಪರೀಕ್ಷೆ. ಅದರಲ್ಲೂ ಹೆಂಗಸರು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಎದೆನೋವು, ತಲೆಸುತ್ತು ಜೊತೆಗಿದ್ದರೆ ಕಾಯುವುದೇ ಬೇಡ, ಡಾಕ್ಟರ ಬಳಿ ಹೋಗಬೇಕು.

ಸಮಯದ ಲೆಕ್ಕ ಹೀಗೆ. ಫೆಬ್ರವರಿಯ ಕೋರ್ಸ್ ಆದರೆ ದಸರಾ ಮುಗಿದ ಕೂಡಲೇ ಶುರು ಮಾಡಿದರೆ ಮೈಗೆ ಬಿಡುವೂ ಸಿಗುತ್ತದೆ, ಡಿಸೆಂಬರಿನಲ್ಲಿ ಆದಂಥ ಎಡವಟ್ಟು ಸರಿಪಡಿಸಲು ಜಾಗವೂ ಇರುತ್ತದೆ. ಆರೇ ವಾರ ಇದ್ದರೆ ಬೆಟ್ಟದ ಪೂರ್ತಿ ಇಳಿತವನ್ನು ಕೈಬಿಡಿ. ಮಣೆ, ಗೋಡೆ, ಅಡ್ಡ ಹೆಜ್ಜೆ, ಮೇಲಿನಿಂದ ನಂದಿಯ ತನಕದ ಇಳಿತ ಇಷ್ಟು ಸಾಕು. ಎರಡೇ ವಾರ ಇದ್ದರೆ ತೊಡೆ ನೋಯುವಂಥ ಯಾವುದನ್ನೂ ಹೊಸದಾಗಿ ಹಚ್ಚಿಕೊಳ್ಳದೆ, ದಿನಾ ನಡೆದು, ಹಿಮದ ಮೇಲೆ ಮೊದಲ ಮೂರು ದಿನ ಅರ್ಧ ಹೊತ್ತು ಮಾತ್ರ ಆಡುವುದಾಗಿ ತರಬೇತುದಾರರಿಗೆ ಮೊದಲೇ ಹೇಳಿಬಿಡಿ.